ಮಂಗಳವಾರ ಬೆಳಿಗ್ಗೆ 11 ಗಂಟೆ

ಹೊರದೇಶಕ್ಕೆ ಹೊರಟ ಗಂಡ-ಹೆಂಡತಿ ನನ್ನ ಹತ್ತಿರ ಬಂದರೆ ನಾನು ಮೊದಲು ವೀಸಾ ಬಗ್ಗೆ ಕೇಳುವುದಿಲ್ಲ. ಪಗಾರದ ಬಗ್ಗೆಯೂ ಕೇಳುವುದಿಲ್ಲ. ಯಾರಿಗೆ ಕೆಲಸ ಸಿಕ್ಕಿದೆಯೋ ಅವರನ್ನು ಒಂದೇ ಒಂದು ಮಾತು ಕೇಳುತ್ತೇನೆ. "ನವೆಂಬರ್ ತಿಂಗಳ ಒಂದು ಮಂಗಳವಾರ. ಬೆಳಿಗ್ಗೆ 11 ಗಂಟೆ. ನೀವು ಆಫೀಸಿನಲ್ಲಿ ಇರುತ್ತೀರಿ. ಆ ಹೊತ್ತಿನಲ್ಲಿ ನಿಮ್ಮ ಹೆಂಡತಿ ಏನು ಮಾಡುತ್ತಿರುತ್ತಾಳೆ?"

ಹೆಚ್ಚಿನವರು ಸುಮ್ಮನಾಗುತ್ತಾರೆ. ಕೆಲವರು "ಮನೀ ಕೆಲಸ ಇದ್ದ ಇರ್ತಾವಲ್ರಿ" ಅನ್ನುತ್ತಾರೆ. ಒಬ್ಬ ಹುಡುಗ ಮಾತ್ರ ಹೆಂಡತಿಯ ಕಡೆ ತಿರುಗಿ, "ಹೌದಲಾ, ನೀ ಏನ್ ಮಾಡ್ತಿ ಆವಾಗ?" ಎಂದು ಅವಳನ್ನೇ ಕೇಳಿದ. ಅವತ್ತು ಅವರಿಬ್ಬರೂ ನಮ್ಮ ಮನೆಯಲ್ಲಿ ಎರಡು ತಾಸು ಕೂತು ಮಾತಾಡಿದರು. ನಾನು ಚಹಾ ಮಾಡಿ ಕೊಟ್ಟೆ, ನಡುವೆ ಬಾಯಿ ಹಾಕಲಿಲ್ಲ. ಹೆಣ್ಣುಮಗಳಿಗೆ ಕೆಲಸ ಸಿಕ್ಕು ಗಂಡ ಹಿಂದೆ ಹೋಗುವುದೂ ಈಗ ಜಾಸ್ತಿ ಆಗಿದೆ. ಅವರಿಗೂ ಇದೇ ಪ್ರಶ್ನೆ ಕೇಳುತ್ತೇನೆ.

ಹೊರದೇಶದಲ್ಲಿ ಕೆಲಸ ಮಾಡುವವರು ಅಲ್ಲಿಗೆ ಹೇಗೆ ಹೊಂದಿಕೊಳ್ಳುತ್ತಾರೆ ಎಂಬುದರ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಕೆಲಸಕ್ಕೆ ಹೋದವಳಲ್ಲ. ಕೆಲಸಕ್ಕೆ ಹೋದವರ ಜೊತೆ ಹೋದವಳು. ಹಾಗಾಗಿ ನನ್ನ ಮಾತು ಆ ಕಡೆಯಿಂದಲೇ ಶುರುವಾಗುತ್ತದೆ.

ನನ್ನ ತವರು ಹಾವೇರಿ ಹತ್ತಿರದ ಒಂದು ಹಳ್ಳಿ. ಗಂಡನ ಮನೆ ಇದೇ ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮುಗಿಸಿ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ನಾಲ್ಕು ವರ್ಷ ಪಾಠ ಮಾಡಿದ್ದೆ. 2013ರ ಅಕ್ಟೋಬರಿನಲ್ಲಿ ನಮ್ಮ ಮನೆಯವರ ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದೆವು. ಆರು ವರ್ಷ ಇದ್ದೆವು. ಹೋಗುವ ಮುಂಚೆ ಕಂಪನಿಯವರು ಅವರಿಗೆ ಎರಡು ದಿನ ತರಬೇತಿ ಕೊಟ್ಟಿದ್ದರು. ಕೈ ಹೇಗೆ ಕುಲುಕಬೇಕು, ಮೀಟಿಂಗಿಗೆ ಎಷ್ಟು ನಿಮಿಷ ಮುಂಚೆ ಹೋಗಬೇಕು, ಮೇಲ್ ಹೇಗೆ ಶುರು ಮಾಡಬೇಕು, ಎಲ್ಲಾ ಹೇಳಿಕೊಟ್ಟರು. ಆ ತರಬೇತಿಗೆ ಹೆಂಡತಿಯರನ್ನು ಕರೆದಿರಲಿಲ್ಲ. ಕರೆಯಬೇಕಿತ್ತು ಎಂದು ಆಗ ನಮಗೂ ಹೊಳೆಯಲಿಲ್ಲ.

ಮಂಗಳವಾರವೇ ಯಾಕೆ ಅಂದರೆ, ನಮ್ಮ ತವರೂರಲ್ಲಿ ಮಂಗಳವಾರ ಸಂತೆ. ಚಳಿಗಾಲದಲ್ಲಿ ಅಲ್ಲಿ ಬೆಳಿಗ್ಗೆ 11 ಎಂದರೆ ನಮ್ಮಲ್ಲಿ ಮಧ್ಯಾಹ್ನ ಮೂರೂವರೆ. ಉಳಿದ ದಿನ ಆ ಹೊತ್ತಿಗೆ ಅವ್ವನಿಗೆ ಫೋನ್ ಮಾಡುತ್ತಿದ್ದೆ. ಮಂಗಳವಾರ ಅವ್ವ ಫೋನ್ ಮನೆಯಲ್ಲೇ ಬಿಟ್ಟು ಸಂತೆಗೆ ಹೋಗಿರುತ್ತಿದ್ದಳು. ಇಲ್ಲಿ ರಿಂಗ್ ಆಗುತ್ತಲೇ ಇರುತ್ತಿತ್ತು, ಅಲ್ಲಿ ನಾನು ಕೇಳುತ್ತಲೇ ಇರುತ್ತಿದ್ದೆ. ಕಿಟಕಿಯ ಹೊರಗೆ ಮಂಜು. ಮೇಲಿನ ಮನೆ, ಕೆಳಗಿನ ಮನೆ, ಎಲ್ಲಿಂದಲೂ ಸಪ್ಪಳ ಇಲ್ಲ. ಕುಕ್ಕರ್ ಸೀಟಿ ಇಲ್ಲ, ಕಾಯಿಪಲ್ಲೆ ಗಾಡಿಯವರ ಕೂಗು ಇಲ್ಲ. ವಾರದಲ್ಲಿ ಆ ಒಂದು ತಾಸು ದಾಟುವುದು ನನಗೆ ಬಹಳ ಕಷ್ಟವಾಗುತ್ತಿತ್ತು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲಾ ಹೊತ್ತು ಮುಳುಗುತ್ತದೆ. ಆರು ಗಂಟೆಗೆ ನಮ್ಮ ಮನೆಯವರು ಬಂದು "ಏನ್ ಮಾಡಿದಿ ಇವತ್ತ?" ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. 60 ಹುಡುಗರ ಮುಂದೆ ನಿಂತು ಪಾಠ ಮಾಡಿದವಳು ನಾನು.

ಇದಕ್ಕೊಂದು ಹೆಸರಿದೆ ಎಂದು ಆಮೇಲೆ ತಿಳಿಯಿತು. ಕಲ್ಚರ್ ಶಾಕ್. ಈಗ ಹೊಸ ಹಾಸ್ಟೆಲಿಗೆ ಸೇರಿದ ಹುಡುಗರೂ ಈ ಪದ ಬಳಸುತ್ತಾರೆ. ಇದನ್ನು ಜನರ ಬಾಯಿಗೆ ತಂದವರು ಕಲೆರ್ವೊ ಒಬರ್ಗ್ ಎಂಬ ಮಾನವಶಾಸ್ತ್ರಜ್ಞ. ಕೆನಡಾಕ್ಕೆ ಬಂದು ನೆಲೆಸಿದ ಫಿನ್‌ಲೆಂಡ್ ಮೂಲದ ತಂದೆತಾಯಿಯ ಮಗ. ಬ್ರೆಜಿಲ್‌ನಲ್ಲಿ ಕೆಲಸದಲ್ಲಿದ್ದಾಗ, 1954ರ ಆಗಸ್ಟ್ 3ರಂದು, ರಿಯೊ ಡಿ ಜನೈರೊದಲ್ಲಿ ಈ ಬಗ್ಗೆ ಒಂದು ಭಾಷಣ ಮಾಡಿದರು. ಎಲ್ಲಿ ಗೊತ್ತಾ? ಅಲ್ಲಿನ ಮಹಿಳಾ ಕ್ಲಬ್ಬಿನಲ್ಲಿ. ಈಗ ಕಂಪನಿಗಳು ದುಡ್ಡು ಕೊಟ್ಟು ಕೇಳುವ ಈ ಮಾತನ್ನು ಅವತ್ತು ಎದುರಿಗೆ ಕೂತು ಕೇಳಿದವರು ಹೆಣ್ಣುಮಕ್ಕಳು. ಇದನ್ನು ಓದಿದ ದಿನ ನನಗೆ ಕಣ್ಣಲ್ಲಿ ನೀರು ಬಂತು.

ಒಬರ್ಗ್ ಹೇಳಿದ್ದು ಬಹಳ ಸರಳ. ನಮ್ಮ ಊರಿನಲ್ಲಿ ದಿನಕ್ಕೆ ಸಾವಿರ ಸಣ್ಣ ಗುರುತುಗಳ ಮೇಲೆ ನಾವು ಬದುಕುತ್ತೇವೆ. ಯಾರಿಗೆ ಯಾವಾಗ ನಮಸ್ಕಾರ ಮಾಡಬೇಕು, ಯಾವ ಮಾತನ್ನು ನಿಜ ಅಂದುಕೊಳ್ಳಬೇಕು, ಯಾವುದನ್ನು ಬಿಡಬೇಕು. ಅದನ್ನು ಯಾರೂ ಯೋಚನೆ ಮಾಡಿ ಮಾಡುವುದಿಲ್ಲ. ಹೊರದೇಶಕ್ಕೆ ಹೋದ ಕೂಡಲೇ ಆ ಗುರುತುಗಳೆಲ್ಲಾ ಒಮ್ಮೆಲೇ ಹೋಗಿಬಿಡುತ್ತವೆ. ಮೊದಲು ಕೆಲವು ವಾರ, ಕೆಲವರಿಗೆ ಆರು ತಿಂಗಳವರೆಗೆ, ಎಲ್ಲಾ ಚೆಂದ ಕಾಣುತ್ತದೆ. ಆಮೇಲೆ ಸಿಟ್ಟು, ಬೇಸರ. ಪದೇ ಪದೇ ಕೈ ತೊಳೆಯುವುದು, ನೀರು ಸರಿ ಇದೆಯೋ ಇಲ್ಲವೋ ಎಂಬ ಚಿಂತೆ, ಎಲ್ಲೋ ನೋಡುತ್ತಾ ಕೂತುಬಿಡುವುದು, ಊರಿನ ಸಿಕ್ಕಾಪಟ್ಟೆ ನೆನಪು. ಅದಾದ ಮೇಲೆ ಭಾಷೆ ಸ್ವಲ್ಪ ಬಂದಂತೆ ಚೇತರಿಕೆ. ಕೊನೆಗೆ ಹೊಂದಿಕೆ.

ಮರುವರ್ಷ, 1955ರಲ್ಲಿ, ಲಿಸ್‌ಗಾರ್ಡ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞ ಅಮೆರಿಕಕ್ಕೆ ಹೋಗಿ ಬಂದ ಸುಮಾರು 200 ನಾರ್ವೆಯವರನ್ನು ಮಾತಾಡಿಸಿ ತಿಳಿದದ್ದನ್ನು ಪ್ರಕಟಿಸಿದರು. ಆರು ತಿಂಗಳಿಗಿಂತ ಕಡಿಮೆ ಇದ್ದವರು ಚೆನ್ನಾಗಿದ್ದರು. 18 ತಿಂಗಳಿಗಿಂತ ಜಾಸ್ತಿ ಇದ್ದವರೂ ಚೆನ್ನಾಗಿದ್ದರು. ನಡುವಿನವರೇ ಒದ್ದಾಡಿದವರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಮೊದಲ ತಿಂಗಳೇ ಎಲ್ಲಕ್ಕಿಂತ ಕಷ್ಟ ಆದವರು ಬೇಕಾದಷ್ಟು ಜನ ಇದ್ದಾರೆ ಎಂದು ನಂತರದ ಅಧ್ಯಯನಗಳೇ ತೋರಿಸಿವೆ. ಆದರೂ ಹೊರಡುವವರಿಗೆ ನಾನು ಈ 18 ತಿಂಗಳ ಲೆಕ್ಕ ಹೇಳಿಯೇ ಹೇಳುತ್ತೇನೆ. ಒಂಬತ್ತನೇ ತಿಂಗಳಲ್ಲಿ "ನಾನು ಇಲ್ಲಿಗೆ ಆಗಿಬರುವುದಿಲ್ಲ" ಅನಿಸಿದಾಗ, ಇದು ದಾರಿಯಲ್ಲಿ ಬರುವ ಊರು, ಇಳಿಯುವ ಊರಲ್ಲ ಎಂದು ಗೊತ್ತಿದ್ದರೆ ಧೈರ್ಯ ಇರುತ್ತದೆ.

ಊಟದ ಬಗ್ಗೆ ಎಲ್ಲರೂ ಕೇಳುತ್ತೀರಿ. ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ರೊಟ್ಟಿ ಬಡಿಯಲು ಜೋಳದ ಹಿಟ್ಟು ಭಾರತೀಯ ಅಂಗಡಿಯಲ್ಲಿ ಸಿಗುತ್ತದೆ, ಶೇಂಗಾ ಚಟ್ನಿ ನೀವೇ ಒಯ್ಯುತ್ತೀರಿ. ಊಟಕ್ಕಾಗಿ ಅರ್ಧಕ್ಕೆ ವಾಪಸ್ ಬಂದವರನ್ನು ನಾನು ನೋಡಿಲ್ಲ.

ಹಾಗಾದರೆ ಯಾಕೆ ವಾಪಸ್ ಬರುತ್ತಾರೆ? ರೊಸಾಲಿ ಟಂಗ್ ಎಂಬ ಸಂಶೋಧಕಿ ಇದನ್ನೇ ಕಂಪನಿಗಳನ್ನು ಕೇಳಿ 1981-82ರಲ್ಲಿ ಪ್ರಕಟಿಸಿದರು. ಅಮೆರಿಕದ ಕಂಪನಿಗಳು ಕೊಟ್ಟ ಮೊದಲ ಕಾರಣ, ನೌಕರರ ಸಂಗಾತಿಗೆ ಹೊಂದಿಕೊಳ್ಳಲು ಆಗದೇ ಹೋದದ್ದು. ಕೆಲಸ ಬಾರದಿರುವುದು ಆ ಪಟ್ಟಿಯಲ್ಲಿ ಎಷ್ಟೋ ಕೆಳಗಿತ್ತು. ಜಪಾನಿನ ಕಂಪನಿಗಳ ಉತ್ತರ ಬೇರೆ ಇತ್ತು. ಅಲ್ಲಿ ದೊಡ್ಡ ಜವಾಬ್ದಾರಿ ಹೊರಲು ಆಗದಿರುವುದು ಮೊದಲು ಬಂತು. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಹೊರದೇಶಕ್ಕೆ ಹೋದವರಲ್ಲಿ ನೂರಕ್ಕೆ 40 ಜನ ಅರ್ಧಕ್ಕೆ ಬಿಟ್ಟು ಬರುತ್ತಾರೆ ಎಂಬ ಮಾತನ್ನು ತರಬೇತಿ ಕೊಡುವವರು ತುಂಬಾ ಹೇಳುತ್ತಾರೆ. ಆ ಅಂಕಿಗೆ ಗಟ್ಟಿ ಬುಡವಿಲ್ಲ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡು ಬೆಳೆದ ಮಾತದು ಎಂದು ಆನ್-ವಿಲ್ ಹಾರ್ಜಿಂಗ್ 1995ರಲ್ಲೇ ತೋರಿಸಿದ್ದಾರೆ. ಸುಮ್ನೆ ಹೆದರಬೇಡಿ. ಅರ್ಧಕ್ಕೆ ಬಾರದೆ, ಒಳಗೊಳಗೇ ಸೊರಗುತ್ತಾ ಪೂರ್ತಿ ಅವಧಿ ಕಳೆಯುವವರ ಬಗ್ಗೆ ನನಗೆ ಜಾಸ್ತಿ ಚಿಂತೆ.

1991ರಲ್ಲಿ ಬ್ಲ್ಯಾಕ್, ಮೆಂಡನ್‌ಹಾಲ್, ಒಡೊ ಎಂಬ ಮೂವರು ಹೊಂದಿಕೆಯನ್ನು ಮೂರು ಭಾಗ ಮಾಡಿ ನೋಡಿದರು. ಕೆಲಸಕ್ಕೆ ಹೊಂದಿಕೊಳ್ಳುವುದು, ಅಲ್ಲಿನ ಜನರ ಜೊತೆ ಬೆರೆಯುವುದು, ದಿನದ ಬದುಕಿಗೆ ಒಗ್ಗುವುದು. ಒಂದು ಬಂದರೆ ಇನ್ನೊಂದು ತಾನಾಗಿ ಬರುವುದಿಲ್ಲ. ನಮ್ಮ ಮನೆಯಲ್ಲಿ ಇದು ಕಣ್ಣೆದುರೇ ಇತ್ತು. ನಮ್ಮ ಮನೆಯವರಿಗೆ ಕೆಲಸ ಎಂಬ ಒಂದು ಬಾಗಿಲು ಹೇಗೂ ತೆರೆದಿತ್ತು. ಹೋದ ಕೂಡಲೇ ಕುರ್ಚಿ, ಟೇಬಲ್, ಹೆಸರು ಬರೆದ ಕಾರ್ಡ್, ಮಧ್ಯಾಹ್ನ ಊಟಕ್ಕೆ ಕರೆಯುವ ನಾಲ್ಕು ಜನ. ನನಗೆ ಉಳಿದ ಎರಡು ಬಾಗಿಲು. ಎರಡಕ್ಕೂ ಕೀಲಿಕೈ ಭಾಷೆ, ಅದು ನನ್ನ ಹತ್ತಿರ ಇರಲಿಲ್ಲ. ಕಾಗದದ ಮೇಲೆ ನನಗೂ ಕೆಲಸ ಮಾಡುವ ಅನುಮತಿ ಇತ್ತು. ಹೆಚ್ಚು ಓದಿದ ಹೊರಗಿನವರಿಗೆ ಅಲ್ಲಿದ್ದು ಕೆಲಸ ಮಾಡಲು ಕೊಡುವ ಬ್ಲೂ ಕಾರ್ಡ್ ಇರುವವರ ಗಂಡ ಅಥವಾ ಹೆಂಡತಿಗೆ ಜರ್ಮನಿ ಅದನ್ನು ಕೊಡುತ್ತದೆ. ಆದರೆ ಲೆಕ್ಕಪತ್ರ ಕಲಿಸುವವಳಿಗೆ ಭಾಷೆಯೇ ಬಾರದಿದ್ದರೆ ಆ ಅನುಮತಿಯಿಂದ ಏನು ಮಾಡುವುದು?

ಕೆಲಸದ ಬಾಗಿಲು ತೆರೆದಿತ್ತು ಅಂದೆ. ಒಳಗೆ ಹೋದ ಮೇಲೆ ಅವರೂ ಎಡವಿದರು. ಎರಡನೇ ತಿಂಗಳು. ಸೋಮವಾರ ಮ್ಯಾನೇಜರ್ ಒಂದು ಡ್ರಾಯಿಂಗ್ ಕೊಟ್ಟು, ಶುಕ್ರವಾರದೊಳಗೆ ಆಗುತ್ತಾ ಎಂದು ಕೇಳಿದರು. ಆಗುವುದಿಲ್ಲ ಎಂದು ಇವರಿಗೆ ಅಲ್ಲೇ ಗೊತ್ತಿತ್ತು. ಆದರೂ "ಪ್ರಯತ್ನ ಮಾಡುತ್ತೇನೆ" ಅಂದರು. ನಮ್ಮ ಕಡೆ ಇದರ ಅರ್ಥ ಎಲ್ಲರಿಗೂ ಗೊತ್ತಲ್ವಾ? "ನೋಡೂಣಂತ್ರಿ" ಎಂದರೆ ಮುಕ್ಕಾಲು ಪಾಲು ಇಲ್ಲ ಎಂದೇ. ಕೇಳಿದವರು ಅದನ್ನು ತಿಳಿದುಕೊಂಡು ಎರಡು ದಿನ ಬಿಟ್ಟು ಮತ್ತೊಮ್ಮೆ ವಿಚಾರಿಸುತ್ತಾರೆ. ಆ ಮ್ಯಾನೇಜರ್ ವಿಚಾರಿಸಲಿಲ್ಲ. ಹೂಂ ಅಂದಿದ್ದಾರೆ ಎಂದೇ ನಂಬಿ ಗ್ರಾಹಕರಿಗೆ ಮಾತು ಕೊಟ್ಟಿದ್ದರು. ಶುಕ್ರವಾರ ಎಲ್ಲರ ಎದುರು ಕೇಳಿದರು, "ಆಗುವುದಿಲ್ಲ ಎಂದು ಸೋಮವಾರವೇ ಯಾಕೆ ಹೇಳಲಿಲ್ಲ?" ಅವರ ದನಿಯಲ್ಲಿ ಸಿಟ್ಟು ಇರಲಿಲ್ಲವಂತೆ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ಆದರೆ ನಾಲ್ಕು ಜನರ ಮುಂದೆ ಕೇಳಿದ್ದು ಇವರಿಗೆ ಚುಚ್ಚಿತು. ರಾತ್ರಿ ಊಟ ಸೇರಲಿಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಈ ಬಗೆಯ ಗೊಂದಲವನ್ನು ಚೆನ್ನಾಗಿ ಬಿಡಿಸಿದ್ದಾರೆ. ಕೆಲವು ಸಮಾಜಗಳಲ್ಲಿ ಅರ್ಥ ಪೂರ್ತಿ ಮಾತಿನ ಒಳಗೇ ಇರುತ್ತದೆ. ಕೆಲವು ಕಡೆ ಅರ್ಥದ ಹೆಚ್ಚಿನ ಪಾಲು ಮಾತಿನ ಸುತ್ತ ಇರುತ್ತದೆ. ದನಿ, ಮುಖ, ಹೇಳಿದ್ದು ಯಾರು, ಕೇಳಿದ್ದು ಯಾರು, ಎಲ್ಲಾ ಸೇರಿ ಅರ್ಥ. ಜರ್ಮನಿ ಮೊದಲಿನದು, ಜಪಾನ್ ಎರಡನೆಯದು. ನಾವೂ ಬಹಳ ಮಟ್ಟಿಗೆ ಎರಡನೆಯದೇ. ಅದರ ಜೊತೆ ಮೇಲಿನವರು, ಕೆಳಗಿನವರು ಎಂಬ ಭಾವನೆ ಸೇರಿಕೊಳ್ಳುತ್ತದೆ. ಗೀರ್ಟ್ ಹಾಫ್‌ಸ್ಟೆಡ್ ಎಂಬ ಡಚ್ ವಿದ್ವಾಂಸ ಐಬಿಎಂ ಎಂಬ ಕಂಪ್ಯೂಟರ್ ಕಂಪನಿಯ ನೌಕರರಿಂದ 1967ರಿಂದ 1973ರ ನಡುವೆ ತುಂಬಿಸಿಕೊಂಡ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳನ್ನು ಹರಡಿಕೊಂಡು ಲೆಕ್ಕ ಹಾಕಿದರು. ಅಧಿಕಾರದ ಅಂತರವನ್ನು ಒಪ್ಪಿಕೊಳ್ಳುವುದರಲ್ಲಿ ಭಾರತಕ್ಕೆ 77 ಅಂಕ, ಜರ್ಮನಿಗೆ 35 ಅಂಕ ಬಂತು. ಇಂಥ ಅಂಕಿಯನ್ನು ಒಬ್ಬ ಮನುಷ್ಯನ ಹಣೆಗೆ ಅಂಟಿಸಬಾರದು. ಆದರೆ ಬಾಸ್‌ಗೆ ಮುಖದ ಮೇಲೆ "ಆಗುವುದಿಲ್ಲ" ಎನ್ನಲು ನಮ್ಮ ನಾಲಿಗೆ ಯಾಕೆ ಏಳುವುದಿಲ್ಲ ಎಂಬುದು ಇದರಿಂದ ಸ್ವಲ್ಪ ತಿಳಿಯುತ್ತದೆ.

ಇದೇ ಗೊಂದಲವನ್ನು ಈ ಕಡೆಯಿಂದಲೂ ನೋಡಿದ್ದೇನೆ. ನಾವು ವಾಪಸ್ ಬಂದ ಮೇಲೆ ಇಲ್ಲೇ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಜರ್ಮನಿಯ ಎಂಜಿನಿಯರ್ ಒಬ್ಬರು ನಾಲ್ಕು ತಿಂಗಳಿಗೆ ಬಂದಿದ್ದರು. ನಾನು ದುಭಾಷಿ. ಅವರು ದಿನಾ ಬೆಳಿಗ್ಗೆ ಮಷೀನ್ ಹತ್ತಿರ ನಿಂತು "ಏನಾದರೂ ಸಮಸ್ಯೆ ಇದೆಯಾ?" ಎಂದು ಕೇಳುವರು. ಎಲ್ಲರೂ "ಏನೂ ಇಲ್ರಿ ಸರ್" ಎನ್ನುವರು. ಮಧ್ಯಾಹ್ನ ಮಷೀನ್ ನಿಲ್ಲುವುದು. ಇವರು ಸುಳ್ಳು ಹೇಳುತ್ತಾರೆ ಎಂದು ಅವರಿಗೆ ಬೇಜಾರು. ನಾನು ಹೇಳಿದೆ, ಸಮಸ್ಯೆ ಇದೆ ಎಂದರೆ ತಮ್ಮ ಪಕ್ಕದವನ ಮೇಲೆ ದೂರು ಹೇಳಿದಂತೆ ಎಂದು ಇವರು ತಿಳಿಯುತ್ತಾರೆ, ಪ್ರಶ್ನೆಯನ್ನೇ ಬೇರೆ ಥರ ಕೇಳೋಣ ಎಂದು. ಮರುದಿನ "ಇದನ್ನ ಇನ್ನೂ ಛಲೋ ಹ್ಯಾಂಗ್ ಮಾಡಬಹುದ್ರಿ?" ಎಂದು ಕೇಳಿದೆವು. 20 ವರ್ಷ ಆ ಮಷೀನ್ ಮೇಲೆ ಕೆಲಸ ಮಾಡಿದ ಒಬ್ಬ ಹಿರಿಯರು ಅರ್ಧ ತಾಸು ಮಾತಾಡಿದರು. ಸಮಸ್ಯೆಗಳೆಲ್ಲಾ ಹೊರಗೆ ಬಂದವು.

ಆ ಎಂಜಿನಿಯರಿಗೆ ಇನ್ನೊಂದು ಕಿರಿಕಿರಿ ಇತ್ತು. ಎದುರಿಗೆ ಸಿಕ್ಕವರೆಲ್ಲಾ ಊಟ ಆಯ್ತಾ ಎಂದು ಯಾಕೆ ಕೇಳುತ್ತಾರೆ, ಆಗಿಲ್ಲ ಅಂದರೆ ಬಡಿಸುತ್ತಾರಾ? ನಾನು ನಗುತ್ತಾ ನೆನಪಿಸಿದೆ. ಅವರ ದೇಶದಲ್ಲೂ ಮಧ್ಯಾಹ್ನದ ಹೊತ್ತು ಆಫೀಸಿನ ಪಡಸಾಲೆಯಲ್ಲಿ ಎದುರಾದವರಿಗೆ "ಮಾಲ್‌ಟ್ಸೈಟ್" ಎನ್ನುತ್ತಾರೆ. ಅಂದರೆ ಊಟದ ಹೊತ್ತು. ಅದು ಬರೀ ನಮಸ್ಕಾರ. ನಮ್ಮ "ಊಟ ಆತೇನ್ರಿ"ಯೂ ಅಷ್ಟೇ. ಅವರ ಮುಖ ಅರಳಿತು. ಮರುದಿನದಿಂದ ಗೇಟಿನ ಕಾವಲುಗಾರರಿಗೆ ಅವರೇ ಮೊದಲು ಕೇಳತೊಡಗಿದರು, "ಊಟ ಆತೇನ್ರಿ?"

ನನ್ನ ಬಾಗಿಲು ತೆರೆದ ಕಥೆಗೆ ಬರುತ್ತೇನೆ. ಅದು ಒಂದು ಕಸಬರಿಗೆಯಿಂದ ತೆರೆಯಿತು.

ಸ್ಟುಟ್‌ಗಾರ್ಟ್ ಕಡೆ "ಕೇರ್‌ವೊಖೆ" ಎಂಬ ಪದ್ಧತಿ ಇದೆ. ಒಂದೇ ಕಟ್ಟಡದ ಮನೆಯವರು ಸರದಿಯ ಮೇಲೆ ಮೆಟ್ಟಿಲು, ಪಡಸಾಲೆ, ಹೊರಗಿನ ಕಾಲುದಾರಿ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಸಣ್ಣ ಫಲಕ ತೂಗುಹಾಕುತ್ತಾರೆ. ಕೇರ್ ಎಂದರೆ ಗುಡಿಸುವುದು. ನಾವು ಮೊರದಲ್ಲಿ ಕಾಳು ಕೇರುತ್ತೇವಲ್ಲ, ಆ ಪದಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದರೆ ನನಗೆ ನೆನಪಿಡಲು ಅನುಕೂಲ ಆಯಿತು. ಮೊದಲ ಸಲ ನಮ್ಮ ಬಾಗಿಲಿಗೆ ಫಲಕ ಬಂದಾಗ ನನಗೆ ಏನೂ ಗೊತ್ತಿರಲಿಲ್ಲ. ಯಾರೋ ಮರೆತು ಹೋಗಿದ್ದಾರೆ ಎಂದುಕೊಂಡು ಅದನ್ನು ಒಳಗೆ ಇಟ್ಟೆ. ಶನಿವಾರ ಬೆಲ್ ಆಯಿತು. ಕೆಳಗಿನ ಮನೆಯ ಅಜ್ಜಿ. 70 ದಾಟಿದವರು. ಜಗಳಕ್ಕೆ ಬಂದರು ಎಂದು ಎದೆ ಹೊಡೆದುಕೊಂಡಿತು. ಅವರು ಜರ್ಮನ್‌ನಲ್ಲಿ ಏನೋ ಹೇಳಿದರು, ನಾನು ಇಂಗ್ಲಿಷಿನಲ್ಲಿ ಏನೋ ಹೇಳಿದೆ. ಕೊನೆಗೆ ಅವರು ಕೆಳಗೆ ಹೋಗಿ ತಮ್ಮ ಬಕೆಟ್, ಅರಿವೆ, ಕಸಬರಿಗೆ ತಂದರು. ನಾನು ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಲು ಹೋದೆ. ಕೈ ಹಿಡಿದು ಮೇಲಕ್ಕೆ ಕರೆದುಕೊಂಡು ಹೋದರು. ಮೇಲಿನಿಂದ ಕೆಳಗೆ, ಒಂದೊಂದೇ ಮೆಟ್ಟಿಲು. ಜೊತೆಗೆ ಕೈ ಹಿಡಿಕೆಯ ಕಂಬಿ. ಅದನ್ನೂ ಒರೆಸಬೇಕು.

ತವರಿನಲ್ಲಿ ದಿನಾ ಬೆಳಿಗ್ಗೆ ಅಂಗಳ ಗುಡಿಸಿ, ನೀರು ಹೊಡೆದು ರಂಗೋಲಿ ಹಾಕಿದವಳು ನಾನು. ಆ ದೇಶಕ್ಕೆ ಹೋದ ಮೇಲೆ ನನಗೆ ಮೊದಲೇ ಬರುತ್ತಿದ್ದ ಕೆಲಸ ಸಿಕ್ಕಿದ್ದು ಅವತ್ತೇ. ಮೆಟ್ಟಿಲು ಒರೆಸುತ್ತಾ ಒಂದೊಂದನ್ನೂ ತೋರಿಸಿ ಅಜ್ಜಿ ಹೆಸರು ಹೇಳಿದರು. ಮೆಟ್ಟಿಲು, ನೀರು, ಬಕೆಟ್, ಕೊಳೆ, ಚೊಕ್ಕ. ನನ್ನ ಮೊದಲ ಜರ್ಮನ್ ಪಾಠ ಅದು. ಬಾಗಿಲುಗಳ ಪಕ್ಕದ ಹೆಸರುಗಳನ್ನೂ ಅವರೇ ಓದಿಸಿದರು. ಅಲ್ಲಿ ಬೆಲ್ ಮೇಲೆ ಮನೆ ನಂಬರ್ ಬದಲು ಅಡ್ಡಹೆಸರು ಇರುತ್ತದೆ. ಶ್ಮಿಟ್, ಶ್ನೈಡರ್, ತ್ಸಿಮ್ಮರ್‌ಮಾನ್. ಅರ್ಥ ಕೇಳಿದರೆ ಕಮ್ಮಾರ, ಸಿಂಪಿಗ, ಬಡಿಗ. ನಮ್ಮ ಓಣಿಯೇ ಅಲ್ವಾ ಇದು? ಕಮ್ಮಾರ, ಸಿಂಪಿಗೇರ, ಬಡಿಗೇರ ಎಂಬ ಹೆಸರುಗಳ ನಡುವೆ ಬೆಳೆದವಳಿಗೆ ಆ ಗೋಡೆ ಅವತ್ತಿನಿಂದ ಪರಕೀಯ ಅನಿಸಲಿಲ್ಲ.

ಜನವರಿಯಲ್ಲಿ ಭಾಷಾ ತರಗತಿಗೆ ಸೇರಿದೆ. ಜರ್ಮನಿಯಲ್ಲಿ ಹೊರಗಿನಿಂದ ಬಂದವರಿಗೆ ಸರ್ಕಾರದ ನೆರವಿನ ಕೋರ್ಸ್ ಇದೆ. 600 ಪೀರಿಯಡ್ ಭಾಷೆ, 100 ಪೀರಿಯಡ್ ಆ ದೇಶದ ಕಾನೂನು, ಇತಿಹಾಸ, ಬದುಕು. ಟರ್ಕಿ, ರೊಮೇನಿಯಾ, ಸಿರಿಯಾದ ಹೆಣ್ಣುಮಕ್ಕಳು ನನ್ನ ಜೊತೆ. ನಮ್ಮೊಳಗೆ ಮಾತಾಡಲು ಜರ್ಮನ್ ಬಿಟ್ಟು ಬೇರೆ ಭಾಷೆ ಇರಲಿಲ್ಲ. ತಪ್ಪು ತಪ್ಪಾಗಿ ಮಾತಾಡುತ್ತಾ ಕಲಿತೆವು. ಕನ್ನಡದವರಿಗೆ ಒಂದು ವಿಷಯ ಸುಲಭ. ಅವರಲ್ಲೂ ನೀನು, ನೀವು ಬೇರೆ ಬೇರೆ. "ನೀನು" ಎನ್ನೋಣ ಎಂದು ಹಿರಿಯರು ಮೊದಲು ಹೇಳಬೇಕು, ಚಿಕ್ಕವರು ತಾವಾಗಿ ಶುರು ಮಾಡಬಾರದು. ಇಂಗ್ಲಿಷ್ ಮಾತ್ರ ಆಡುವವರಿಗೆ ಇದನ್ನು ತಿಳಿಸುವುದು ಕಷ್ಟ. "ರೀ" ಹಚ್ಚಿ ಮಾತಾಡುವ ನಮಗೆ ಹೇಳಿಕೊಡಬೇಕೇ? ಆ ತರಗತಿಯಲ್ಲಿ ಚಹಾದ ಬಿಡುವು ಬೆಳಿಗ್ಗೆ 11 ಗಂಟೆಗೆ ಇತ್ತು. ಮಂಗಳವಾರವೂ.

ಇದೆಲ್ಲಾ ನಮ್ಮ ಊರಿಗೆ ಹೊಸದಲ್ಲ. ನೀವು ದಿನಾ ಕಿಟೆಲ್ ಕಾಲೇಜಿನ ಮುಂದೆ ಓಡಾಡುತ್ತೀರಿ. ಜರ್ಮನಿಯ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ 21 ವರ್ಷ. ಧಾರವಾಡ, ಮಂಗಳೂರು, ಮಡಿಕೇರಿ ಎಂದು ಇದ್ದು, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದದ್ದು 1894ರಲ್ಲಿ. ಹೊಂದಿಕೆಗೆ ಇದಕ್ಕಿಂತ ದೊಡ್ಡ ಉದಾಹರಣೆ ನಾನು ಕೊಡಲಾರೆ. ಅವರು ಬಂದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಮೂಲಕ. ಧರ್ಮಪ್ರಚಾರಕ್ಕೆ ಬಂದವರು, ಅದನ್ನು ಮುಚ್ಚಿಡಬೇಕಿಲ್ಲ. ನಾನು ಹೇಳಬೇಕೆಂದಿರುವುದು ಇನ್ನೊಂದು. ಆ ಮಿಶನ್ನಿನಲ್ಲಿ ಸಮಿತಿಯ ಒಪ್ಪಿಗೆ ಇಲ್ಲದೆ ಯಾರೂ ಮದುವೆ ಆಗುವಂತಿರಲಿಲ್ಲ. ಒಪ್ಪಿಗೆ ಸಿಕ್ಕ ಮೇಲೆ ಹುಡುಗಿಯನ್ನು ಹುಡುಕಿ ಹಡಗು ಹತ್ತಿಸುತ್ತಿದ್ದರು. ಎಷ್ಟೋ ಹುಡುಗಿಯರು ಗಂಡನ ಮುಖ ನೋಡಿದ್ದು ಇಲ್ಲಿ ಇಳಿದ ಮೇಲೆ. ಅವರಲ್ಲಿ ಬಹಳ ಜನ ವ್ಯುರ್ಟೆಂಬರ್ಗ್ ಸೀಮೆಯವರು. ಸ್ಟುಟ್‌ಗಾರ್ಟ್ ಅದರ ರಾಜಧಾನಿ. ನಾನು ಇಲ್ಲಿಂದ ಅಲ್ಲಿಗೆ ಹೋದೆ, ನನಗಿಂತ ನೂರೈವತ್ತು ವರ್ಷ ಮುಂಚೆ ಆ ಹುಡುಗಿಯರು ಅಲ್ಲಿಂದ ಈ ಕಡೆ ಬಂದರು. ನನಗೆ ಫೋನ್ ಇತ್ತು. ಅವರ ಕಾಗದ ತಾಯಿಗೆ ಮುಟ್ಟಲು ಎಷ್ಟೋ ವಾರ ಬೇಕಿತ್ತು. ಮಕ್ಕಳು ಓದುವ ವಯಸ್ಸಿಗೆ ಬಂದರೆ ಬಾಸೆಲ್‌ಗೆ ಕಳಿಸಿಬಿಡಬೇಕಿತ್ತು. ಕಿಟೆಲ್‌ರ ನಿಘಂಟು ನಮ್ಮ ಕಪಾಟಿನಲ್ಲಿದೆ. ಆ ಹೆಣ್ಣುಮಕ್ಕಳು ಧಾರವಾಡದ ಬಿಸಿಲಿನಲ್ಲಿ ಹೇಗೆ ದಿನ ಕಳೆದರು ಎಂದು ನಾವು ಯೋಚಿಸಿದ್ದು ಕಡಿಮೆ. ನಾನು ಅವರ ಬಗ್ಗೆ ತುಂಬಾ ಯೋಚಿಸುತ್ತೇನೆ.

ಎಂಜಿನಿಯರುಗಳ ಬಗ್ಗೆಯೇ ಮಾತಾಡಿದರೆ ತಪ್ಪಾಗುತ್ತದೆ. ಹಾವೇರಿ, ಗದಗ ಕಡೆಯಿಂದ ಗಾರೆ ಕೆಲಸಕ್ಕೆ, ಡ್ರೈವಿಂಗಿಗೆ ಗಲ್ಫ್ ದೇಶಗಳಿಗೆ ಹೋಗುವವರು ಹೆಂಡತಿ-ಮಕ್ಕಳನ್ನು ಒಯ್ಯುವಂತೆಯೇ ಇಲ್ಲ. ಕುಟುಂಬದ ವೀಸಾಕ್ಕೆ ಇಂತಿಷ್ಟು ಸಂಬಳ ಇರಬೇಕು. ಊರಲ್ಲಿ ಮೂರು ಮಕ್ಕಳಿದ್ದರೂ ಅಲ್ಲಿ ಅವರನ್ನು "ಬ್ಯಾಚುಲರ್" ಎಂದೇ ಕರೆಯುತ್ತಾರೆ. ಹೀಗಾದಾಗ ಹೊಂದಿಕೊಳ್ಳಬೇಕಾದವರು ಇಬ್ಬರು. ಎಂಟು ಜನರ ಕೋಣೆಯಲ್ಲಿ ಮಲಗುವ ಅವನು, ಇಲ್ಲಿ ಬ್ಯಾಂಕು, ಆಸ್ಪತ್ರೆ, ಹೊಲ, ಅತ್ತೆ-ಮಾವ ಎಲ್ಲವನ್ನೂ ಒಬ್ಬಳೇ ನೋಡುವ ಅವಳು. 10ನೇ ತರಗತಿ ಪಾಸಾಗದವರು ಸರ್ಕಾರ ಗುರುತಿಸಿದ 18 ದೇಶಗಳಿಗೆ ಹೋಗುವಾಗ ವಲಸೆ ಅನುಮತಿ ಪಡೆಯಬೇಕು. ಅದರ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ವಿಮೆ ಸಿಗುತ್ತದೆ. ಹೊರಡುವ ಮುಂಚಿನ ಒಂದು ದಿನದ ತರಬೇತಿಯೂ ಇದೆ. ಏಜೆಂಟರು "ಟೂರಿಸ್ಟ್ ವೀಸಾದ ಮೇಲೆ ಹೋಗ್ರಿ, ಅಲ್ಲಿ ಮಾಡಿಸೂಣು" ಎಂದರೆ ಒಪ್ಪಬೇಡಿ. ಈ ಯಾವ ಆಸರೆಯೂ ಆಗ ಇರುವುದಿಲ್ಲ. ದಯವಿಟ್ಟು ಇದನ್ನು ನಿಮ್ಮ ಊರಲ್ಲಿ ಹೇಳಿ.

ಇನ್ನು ನಮ್ಮವರ ಗುಂಪು. ಹೋದ ಕಡೆ ಕನ್ನಡದವರು ಸಿಕ್ಕರೆ ಎಷ್ಟು ಖುಷಿ ಆಗುತ್ತದೆ! ಆಗಬೇಕು. ಯುಗಾದಿಗೆ ಬೇವು-ಬೆಲ್ಲ ಹಂಚಲು ಯಾರಾದರೂ ಬೇಕಲ್ಲ. ಆದರೆ ಪ್ರತಿ ಭಾನುವಾರ ಸೇರಿ, ಇಲ್ಲಿನವರು ಹಾಗೆ, ಇಲ್ಲಿನವರು ಹೀಗೆ ಎಂದು ಬೈಯುವುದೇ ಕೆಲಸ ಆದರೆ ಎಚ್ಚರ ಆಗಬೇಕು. ಹಾಗೆ ಕೂತು ಗೊಣಗುವುದೇ ಕಲ್ಚರ್ ಶಾಕ್ ಎಂಬ ಕಾಯಿಲೆಯ ಗುರುತು ಎಂದು ಒಬರ್ಗ್ ಆ ಭಾಷಣದಲ್ಲೇ ಹೇಳಿದ್ದರು. ನಮ್ಮ ಗುಂಪಿನಲ್ಲೂ ಒಂದು ವರ್ಷ ಇದೇ ನಡೆಯಿತು. ಒಬ್ಬ ಹಿರಿಯ ಅಕ್ಕ ಒಂದು ನಿಯಮ ಮಾಡಿದರು. ಬರುವಾಗ ಪ್ರತಿಯೊಬ್ಬರೂ ಅಲ್ಲಿನವರನ್ನು ಒಬ್ಬರನ್ನಾದರೂ ಕರೆತರಬೇಕು. ನಾನು ಕೆಳಗಿನ ಮನೆಯ ಅಜ್ಜಿಯನ್ನು ಕರೆದುಕೊಂಡು ಹೋದೆ. ಅವರು ಹೋಳಿಗೆಗೆ ತುಪ್ಪ ಜಾಸ್ತಿ ಹಾಕಿಸಿಕೊಂಡರು.

ವಾಪಸ್ ಬರುವ ವಿಷಯ ಯಾರೂ ಹೇಳುವುದಿಲ್ಲ. 1963ರಲ್ಲಿ ಗುಲ್ಲಾಹಾರ್ನ್ ದಂಪತಿ ಬರೆದರು, ಊರಿಗೆ ಮರಳಿದ ಮೇಲೆ ಇನ್ನೊಂದು ಸಲ ಅದೇ ಇಳಿತ, ಅದೇ ಏರಿಕೆ ಎಂದು. 2019ರಲ್ಲಿ ಬಂದಾಗ ನಮ್ಮ ಮಗನಿಗೆ ನಾಲ್ಕು ವರ್ಷ. ಮನೆಗೆ ಬಂದವರೆಲ್ಲಾ ಕೆನ್ನೆ ಹಿಂಡುತ್ತಾರೆ ಎಂದು ಅವನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ನನಗೂ ಫೋನ್ ಮಾಡದೆ ಬರುವ ನೆಂಟರು ಕಷ್ಟ ಅನಿಸತೊಡಗಿದರು. ಹೀಗೆ ಅನಿಸುತ್ತಿದೆಯಲ್ಲ ಎಂದು ಅದಕ್ಕಿಂತ ಜಾಸ್ತಿ ಸಂಕಟ. ಅತ್ತೆಯವರು ಒಂದು ದಿನ ಪಕ್ಕದಲ್ಲಿ ಕೂತು, "ಅಲ್ಲಿ ಹೋದಾಗ ಎಷ್ಟ್ ದಿನ ಬೇಕಾತವಾ ನಿನಗ? ಇಲ್ಲೂ ಅಷ್ಟ್ ತಗೋ" ಅಂದರು. ಅವರು ಧಾರವಾಡ ಜಿಲ್ಲೆ ದಾಟಿ ಹೋದದ್ದೇ ಕಡಿಮೆ. ಎಷ್ಟು ಸರಿಯಾಗಿ ಹೇಳಿದರು! ಮದುವೆಯಾಗಿ ಇನ್ನೊಂದು ಮನೆಗೆ ಬಂದು ಹೊಂದಿಕೊಂಡವರಿಗೆ ಇದು ಪುಸ್ತಕ ಓದಿ ತಿಳಿಯಬೇಕಾದ ವಿಷಯವಲ್ಲ.

ಆರಂಭದಲ್ಲಿ ಒಬ್ಬ ಹುಡುಗನ ಬಗ್ಗೆ ಹೇಳಿದೆನಲ್ಲ, ಹೆಂಡತಿಯನ್ನೇ ತಿರುಗಿ ಕೇಳಿದವನು. ಅವರೂ ಸ್ಟುಟ್‌ಗಾರ್ಟ್ ಕಡೆಗೇ ಹೋದರು. ಹುಡುಗಿ ಗದಗದವಳು. ಹೊರಡುವ ಮುಂಚೆಯೇ ಭಾಷಾ ತರಗತಿಗೆ ಹೆಸರು ಹಚ್ಚಿ ಹೋಗಿದ್ದಳು. ಹೋದ ಚಳಿಗಾಲದಲ್ಲಿ ಒಂದು ದಿನ ಅವಳ ಫೋನ್ ಬಂತು. ನಾನು ಗಡಿಯಾರ ನೋಡಿದೆ, ಮೂರೂವರೆ. ವಾರವೂ ಮಂಗಳವಾರ. ನನ್ನ ಎದೆ ಧಸಕ್ಕೆಂದಿತು.

"ಅಕ್ಕಾ, ತರಗತಿ ಬಿಡುವಿನ್ಯಾಗ ಮಾಡೇನ್ರಿ, ಲಗೂನ ಕೇಳ್ತೀನಿ" ಅಂದಳು. "ನಮ್ಮ ಬಾಗಿಲಿಗೆ ಆ ಫಲಕ ಬಂದೈತ್ರಿ. ಹ್ಯಾಂಗ್ ಶುರು ಮಾಡ್ಲಿ?"

ಮೇಲಿನ ಮೆಟ್ಟಿಲಿನಿಂದ ಶುರು ಮಾಡವಾ, ಅಂದೆ. ಕಂಬಿ ಒರೆಸೋದು ಮರೀಬ್ಯಾಡ.